ಅರ್ಧ ತೂಕದ ಕಾರಿಗೆ ಬೇರೆಯದೇ ಲೆಕ್ಕ: ಕಿಟ್ ಸ್ಪೋರ್ಟ್ಸ್ ಕಾರಿನ ಆರೈಕೆ ಮತ್ತು ಓಡಾಟ

ಕಿಟ್, ಅಂದರೆ ಬಿಡಿಭಾಗಗಳ ಪೆಟ್ಟಿಗೆ, ತರಿಸಿ ಜೋಡಿಸಿದ ಸ್ಪೋರ್ಟ್ಸ್ ಕಾರಿಗೆ ಸರ್ವಿಸ್ ಪುಸ್ತಕ ಅಂತ ಇರುವುದಿಲ್ಲ. ಎಂಜಿನ್ ಒಂದು ಕಾರಿನದು, ಡಿಫರೆನ್ಷಿಯಲ್ ಇನ್ನೊಂದರದು, ಮುಂದಿನ ಹಬ್‌ಗಳು ಮೂರನೆಯದರದು. ಚಾಸಿ ಮಾತ್ರ ಕಿಟ್ ಮಾರಿದವರದು. ಸಂಶಯ ಬಂದಾಗ ಹೆಚ್ಚಿನವರು ಎಂಜಿನ್ ಯಾವ ಕಾರಿನಿಂದ ಬಂತೋ ಆ ಕಾರಿನ ಕೈಪಿಡಿ ಬಿಡಿಸಿ ನೋಡುತ್ತಾರೆ. ಟ್ಯಾಪೆಟ್ ಗ್ಯಾಪ್, ಟೈಮಿಂಗ್ ಬೆಲ್ಟ್, ಪ್ಲಗ್‌ನಂಥ ಎಂಜಿನ್ ಒಳಗಿನ ವಿಷಯಗಳಿಗೆ ಅದು ಸರಿಯೇ. ಟೈರಿನ ಗಾಳಿ, ಬ್ರೇಕ್ ಪ್ಯಾಡ್, ಕೂಲಿಂಗ್ ಎಂದು ಬಂದಾಗ ಮಾತ್ರ ಆ ಅಂಕಿಗಳು ದಾರಿ ತಪ್ಪಿಸುತ್ತವೆ. ಅವನ್ನು ಬರೆದದ್ದು 1,100 ಕೆ.ಜಿ. ತೂಗುವ ಕಾರಿಗೆ. ನಿಮ್ಮದು 550 ಕೆ.ಜಿ.

ಈ ಜಾತಿಯ ಕಾರುಗಳ ಮೂಲ 1957ರ ಲೋಟಸ್ ಸೆವೆನ್. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಲೋಟಸ್ ಸಂಸ್ಥಾಪಕ ಕಾಲಿನ್ ಚಾಪ್ಮನ್ ಅದನ್ನು ಕಿಟ್ ಆಗಿ ಮಾರಿದ್ದಕ್ಕೆ ಇದೊಂದು ದೊಡ್ಡ ಕಾರಣ. 1973ರಲ್ಲಿ ಆ ವಿನ್ಯಾಸದ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಯ ಕೈಗೆ ಹೋಯಿತು. ಅದೇ ವರ್ಷ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು, ತೆರಿಗೆ ಉಳಿಸುವ ನೆಪವೂ ಮುಗಿಯಿತು. ಕಿಟ್ ಮಾತ್ರ ಉಳಿದುಕೊಂಡಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಚಾಲನೆ. ಬೇರೆ ಬೇರೆ ಹೆಸರಿನ ಎಷ್ಟೋ ಕಿಟ್‌ಗಳು ಇಂದಿಗೂ ಇದೇ ಅಚ್ಚಿನವು. ಈ ಲೇಖನವೂ ಅಂಥವುಗಳದ್ದೇ.

ಮೊದಲು ಒಂದು ನೋಟ್‌ಬುಕ್

ಕಾರಿನಲ್ಲಿರುವ ಪ್ರತಿ ಭಾಗ ಯಾವ ಮಾದರಿಯಿಂದ, ಯಾವ ವರ್ಷದಿಂದ ಬಂದದ್ದು ಎಂದು ಬರೆದಿಡಿ. ಎಡ ಮುಂದಿನ ವೀಲ್ ಬೇರಿಂಗ್, ಕ್ಲಚ್ ಪ್ಲೇಟ್, ರೇಡಿಯೇಟರ್ ಹೋಸ್, ಫ್ಯಾನ್ ಸ್ವಿಚ್, ಆಲ್ಟರ್ನೇಟರ್ ಬೆಲ್ಟಿನ ಉದ್ದ, ಎಲ್ಲವೂ. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೆ ಕಟ್ಟಿದವರಿಂದ ಕಾಗದಪತ್ರಕ್ಕಿಂತ ಮೊದಲು ಕೇಳಬೇಕಾದ್ದು ಈ ಪಟ್ಟಿ. ಬೇರಿಂಗ್ ಕೂಗತೊಡಗಿದ ದಿನ ಅಂಗಡಿಯಲ್ಲಿ ‘ಯಾವ ಗಾಡಿ?’ ಎಂದು ಕೇಳಿದರೆ ಉತ್ತರ ಇರುವುದು ಅದರಲ್ಲೇ.

ನಟ್ಟು ಬೋಲ್ಟು

ಹಗುರ ಕಾರಿನಲ್ಲಿ ನಡುಕ ಹೆಚ್ಚು, ಅದನ್ನು ಹೀರಿಕೊಳ್ಳುವ ರಬ್ಬರ್ ಕಡಿಮೆ. ಹೊಸದಾಗಿ ಕಟ್ಟಿದ ಕಾರಿನಲ್ಲಿ ಪೇಂಟ್, ಪೌಡರ್ ಕೋಟಿಂಗ್, ವಾಷರ್ ಎಲ್ಲವೂ ಒತ್ತಡಕ್ಕೆ ತುಸು ಕುಗ್ಗುತ್ತವೆ. ಬೋಲ್ಟ್ ತಿರುಗದಿದ್ದರೂ ಬಿಗಿ ಕಡಿಮೆಯಾಗುವುದು ಹೀಗೆ. ಆದ್ದರಿಂದ ಮೊದಲ 100, 500 ಮತ್ತು 1,000 ಕಿ.ಮೀ.ಗೆ ಸಸ್ಪೆನ್ಷನ್, ಸ್ಟೀರಿಂಗ್, ಎಂಜಿನ್ ಮೌಂಟ್, ಪ್ರೊಪೆಲ್ಲರ್ ಶಾಫ್ಟ್, ಸೀಟು ಮತ್ತು ಬೆಲ್ಟಿನ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಹಿಡಿದು ನೋಡಬೇಕು. ಆಮೇಲೆ ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ಹೋಗುವವರು ಪ್ರತಿ ಸಲ.

ಕಿಟ್ ಕೊಟ್ಟವರ ಅಂಕಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ 8.8 ದರ್ಜೆಯ, ಎಣ್ಣೆ ಹಚ್ಚದ ಬೋಲ್ಟಿಗೆ ಅಂದಾಜು ಲೆಕ್ಕ ಹೀಗಿದೆ: ಎಂ8ಕ್ಕೆ (8 ಮಿ.ಮೀ. ವ್ಯಾಸದ್ದು) 25 ನ್ಯೂಟನ್ ಮೀಟರ್, ಎಂ10ಕ್ಕೆ 50, ಎಂ12ಕ್ಕೆ 85. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಟಾರ್ಚ್ ಬಿಟ್ಟು ನೋಡಿದಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ನೈಲಾನ್ ಉಂಗುರದ ನೈಲಾಕ್ ನಟ್‌ಗಳನ್ನು ಸಸ್ಪೆನ್ಷನ್ ಮತ್ತು ಸ್ಟೀರಿಂಗಿನಲ್ಲಿ ಮರುಬಳಕೆ ಮಾಡಬೇಡಿ. ಬೆರಳಿನಲ್ಲೇ ಪೂರ್ತಿ ತಿರುಗುವ ನೈಲಾಕ್ ಬರೀ ನಟ್ಟು, ಅಷ್ಟೇ.

ಕಟ್ಟುವವರು ಪದೇ ಪದೇ ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಚಕ್ರವನ್ನು ಚೌಕಟ್ಟಿಗೆ ಸೇರಿಸುವ ತೋಳಾದ, ರಬ್ಬರ್ ಬುಷ್ ಇರುವ ವಿಷ್‌ಬೋನಿನ ಬೋಲ್ಟುಗಳನ್ನು ಕಾರು ಜಾಕ್ ಮೇಲಿರುವಾಗ, ಚಕ್ರ ಜೋತಾಡುತ್ತಿರುವಾಗ ಬಿಗಿಯುತ್ತಾರೆ. ಬುಷ್ಷಿನ ಒಳಕೊಳವೆ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಕೆಳಗಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರಿನ ಎತ್ತರವೂ ತಪ್ಪು ತೋರಿಸುತ್ತದೆ. ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಎರಡು ಸಲ ಕುಲುಕಿಸಿ, ಆಮೇಲೆ ಟಾರ್ಕ್ ಕೊಡಿ.

ಕೊಂಡಿಗಳ ತುದಿಯ ಗುಂಡು ಕೀಲು, ಅಂದರೆ ರಾಡ್ ಎಂಡ್‌ಗಳ ವಿಷಯ: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಿ, ಎಡ ಬಲಕ್ಕೆ ಅಲುಗಿಸಿದಾಗ ಮಾತ್ರ ಕಂಡರೆ ಸ್ಟೀರಿಂಗ್ ಕಡೆ ನೋಡಿ. ಟೆಫ್ಲಾನ್ ಪದರ ಇರುವ ರಾಡ್ ಎಂಡ್‌ಗೆ ಗ್ರೀಸ್ ಹಚ್ಚುವುದು ಉಪಕಾರ ಅಲ್ಲ. ಗ್ರೀಸಿಗೆ ಮರಳು ಅಂಟಿಕೊಂಡು ಪದರವನ್ನೇ ಅರೆಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಬಿಡಿ.

ಜಾಕ್ ಕೊಡುವುದು ಚಾಸಿಯ ಕೊಳವೆ ಸೇರುವ ಮೂಲೆಗೆ, ನಡುವೆ ಮರದ ತುಂಡು ಇಟ್ಟು. ನೆಲದ ತಗಡಿಗೆ ಕೊಟ್ಟರೆ ತಗಡು ಡೊಗರಾಗುತ್ತದೆ, ರಿವೆಟ್ ಕಿತ್ತು ಬರುತ್ತದೆ.

ಟೈರ್: ಗಾಳಿ ಇಳಿಸಿ

ಸಾಮಾನ್ಯ ಕಾರಿನ 30 ಪಿಎಸ್‌ಐ ಇಲ್ಲಿ ಕಲ್ಲು ಕಟ್ಟಿದ ಹಾಗೆ. ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ರಬ್ಬರ್ ಮಡಚಿಕೊಳ್ಳುವುದಿಲ್ಲ, ಮಡಚದ ರಬ್ಬರ್ ಬಿಸಿಯಾಗುವುದಿಲ್ಲ. ಬಿಸಿಯಾಗದ ಟೈರಿಗೆ ಹಿಡಿತ ಎಲ್ಲಿಂದ? ‘ಕಾರು ಜಿಗಿಯುತ್ತದೆ, ಸ್ಪ್ರಿಂಗ್ ಗಟ್ಟಿಯಾಯಿತು’ ಎಂಬ ದೂರುಗಳಲ್ಲಿ ಬಹಳಷ್ಟು ಗಾಳಿಯದ್ದೇ. 500ರಿಂದ 600 ಕೆ.ಜಿ. ಕಾರಿಗೆ ತಣ್ಣಗಿರುವಾಗ 18ರಿಂದ 22 ಪಿಎಸ್‌ಐ ಒಳ್ಳೆಯ ಆರಂಭ. ಅರ್ಧ ಪಿಎಸ್‌ಐ ವ್ಯತ್ಯಾಸ ತೋರಿಸುವ ಗೇಜ್ ಒಂದನ್ನು ಕೊಂಡು, ಯಾವಾಗಲೂ ಅದನ್ನೇ ಬಳಸಿ. 20 ನಿಮಿಷ ಚುರುಕಾಗಿ ಓಡಿಸಿ ನಿಂತ ತಕ್ಷಣ ಟ್ರೆಡ್ಡಿನ ಒಳಅಂಚು, ನಡು, ಹೊರಅಂಚುಗಳ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡಿ. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಹೆಚ್ಚು ಬಿಸಿ ಇದ್ದರೆ ಕಡಿಮೆ. ಒಳಅಂಚು ಒಂದೇ ತುಂಬಾ ಬಿಸಿ ಇದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು) ಅಥವಾ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಅಳತೆ ನೋಡಬೇಕು.

ಈ ಕಾರುಗಳು ಓಡುವುದು ಕಡಿಮೆ, ತೂಕವೂ ಕಡಿಮೆ. ಹಾಗಾಗಿ ಟ್ರೆಡ್ ಸವೆಯುವ ಮೊದಲೇ ಟೈರಿಗೆ ವಯಸ್ಸಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ ಟೈರ್ ನೋಡಲು ಹೊಸದಾಗಿದ್ದರೂ ಒದ್ದೆ ರಸ್ತೆಯಲ್ಲಿ ನಂಬಬೇಡಿ.

ನಾಲ್ಕು ಮೂಲೆಯ ತೂಕ

ಇದೊಂದು ಕೆಲಸಕ್ಕೆ ಇಡೀ ದಿನ ಕೊಟ್ಟರೂ ನಷ್ಟವಿಲ್ಲ. ಕುಂಟುವ ಮೇಜಿನ ಹಾಗೆ, ಕಾರಿನ ಎರಡು ಕರ್ಣಗಳಲ್ಲಿ ಒಂದರ ಮೇಲೆ ಭಾರ ಹೆಚ್ಚಿದ್ದರೆ ಒಂದು ಕಡೆ ತಿರುಗಿದ ಹಾಗೆ ಇನ್ನೊಂದು ಕಡೆ ತಿರುಗುವುದಿಲ್ಲ, ಬ್ರೇಕ್ ಒತ್ತಿದಾಗ ಒಂದೇ ಮುಂದಿನ ಚಕ್ರ ಲಾಕ್ ಆಗುತ್ತದೆ. ಭಾರದ ಕಾರಿನಲ್ಲಿ 15 ಕೆ.ಜಿ. ವ್ಯತ್ಯಾಸ ಗೊತ್ತಾಗದೇ ಹೋಗಬಹುದು. ಮುಂದಿನ ಚಕ್ರದ ಮೇಲೆ ಒಟ್ಟು ಭಾರವೇ 130 ಕೆ.ಜಿ. ಇರುವಲ್ಲಿ ಅದು ದೊಡ್ಡದು.

1. ನೆಲ ಸಮತಟ್ಟಾಗಿರಬೇಕು. ನಾಲ್ಕು ತಕ್ಕಡಿಗಳ ಮೇಲ್ಮೈ ಒಂದೇ ಮಟ್ಟದಲ್ಲಿದೆಯೇ ಎಂದು ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಿ, ತಗ್ಗಿದ್ದಲ್ಲಿ ತೆಳು ಹಲಗೆ ಕೊಡಿ.
2. ಟೈರಿಗೆ ಸರಿಯಾದ ಗಾಳಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು, ಚಾಲಕನ ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳಿನ ಚೀಲ.
3. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡ ಬಲದ ಚಕ್ರಗಳನ್ನು ಜೋಡಿಸುವ ಸರಳು) ಇದ್ದರೆ ಒಂದು ಕೊಂಡಿ ಬಿಚ್ಚಿ. ಇಲ್ಲದಿದ್ದರೆ ಅದೇ ತೂಕ ಹಂಚಿ ಸುಳ್ಳು ಹೇಳುತ್ತದೆ.
4. ಕಾರನ್ನು ತಕ್ಕಡಿ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ನಾಲ್ಕೂ ಮೂಲೆ ಕುಲುಕಿಸಿ. ಆಮೇಲೆ ಓದಿ.

ಒಂದು ಉದಾಹರಣೆ: ಎಡ ಮುಂದೆ 140, ಬಲ ಮುಂದೆ 128, ಎಡ ಹಿಂದೆ 150, ಬಲ ಹಿಂದೆ 162. ಒಟ್ಟು 580 ಕೆ.ಜಿ. ಬಲ ಮುಂದೆ ಮತ್ತು ಎಡ ಹಿಂದೆ ಸೇರಿಸಿದರೆ 278, ಅಂದರೆ ಶೇ. 47.9. ಬೇಕಾದ್ದು ಶೇ. 50, ಅಂದರೆ 290. ಬಲ ಮುಂದಿನ ಡ್ಯಾಂಪರಿನ ಸ್ಪ್ರಿಂಗ್ ಪೀಠವನ್ನು ಮೇಲೇರಿಸಿದರೆ ಆ ಚಕ್ರದ ಜೊತೆ ಕರ್ಣದ ಆ ತುದಿಯ ಎಡ ಹಿಂದಿನ ಚಕ್ರದ ಮೇಲೂ ಭಾರ ಏರುತ್ತದೆ, ಉಳಿದೆರಡರಲ್ಲಿ ಇಳಿಯುತ್ತದೆ. ಪೂರ್ತಿ ತಿದ್ದುಪಡಿಯನ್ನು ಒಂದೇ ಮೂಲೆಯಲ್ಲಿ ಮಾಡಿದರೆ ಕಾರು ಅಲ್ಲಿ ಎತ್ತರವಾಗಿ ನಿಲ್ಲುತ್ತದೆ. ಆದ್ದರಿಂದ ಬಲ ಮುಂದೆ ಮತ್ತು ಎಡ ಹಿಂದೆ ಅರ್ಧರ್ಧ ಸುತ್ತು ಏರಿಸಿ, ಉಳಿದೆರಡನ್ನು ಅಷ್ಟೇ ಇಳಿಸಿ, ಕುಲುಕಿಸಿ ಮತ್ತೆ ಓದಿ. ಎಡ ಬಲದ ಒಟ್ಟು ವ್ಯತ್ಯಾಸ, ಮುಂದೆ ಹಿಂದಿನ ಒಟ್ಟು ವ್ಯತ್ಯಾಸ ಪೀಠ ತಿರುಗಿಸುವುದರಿಂದ ಸರಿಹೋಗುವುದಿಲ್ಲ. ಅದಕ್ಕೆ ಬ್ಯಾಟರಿಯನ್ನೋ ಇನ್ನೇನನ್ನೋ ಜಾಗ ಬದಲಿಸಬೇಕು. ಕರ್ಣ ಮಾತ್ರ ನಿಮ್ಮ ಕೈಯಲ್ಲಿದೆ. ಕೊನೆಗೆ ಆಂಟಿ ರೋಲ್ ಬಾರಿನ ಕೊಂಡಿಯನ್ನು ಎಳೆಯದೆ, ದೂಡದೆ ಸೇರುವ ಉದ್ದಕ್ಕೆ ತಂದು ಜೋಡಿಸಿ. ಎತ್ತರ ಬದಲಾಗಿದ್ದರೆ ಟೋ ಅಳತೆಯನ್ನು ಮತ್ತೊಮ್ಮೆ ನೋಡಲೇಬೇಕು.

ಬ್ರೇಕ್

ಸಾಮಾನ್ಯವಾಗಿ ಇಲ್ಲಿ ಕಾಲಿನ ಬಲ ಹೆಚ್ಚಿಸಿಕೊಡುವ ಸರ್ವೋ ಇಲ್ಲ, ಎಬಿಎಸ್ ಇಲ್ಲ. ಪೆಡಲ್ ಗಟ್ಟಿ ಎನಿಸುವುದು ಸಹಜ. ತೀರಾ ಗಟ್ಟಿ ಎನಿಸಿದರೆ ಮಾಸ್ಟರ್ ಸಿಲಿಂಡರಿನ ವ್ಯಾಸ ದೊಡ್ಡದಿರಬಹುದು. ಚಿಕ್ಕ ವ್ಯಾಸದ್ದು ಹಾಕಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಹೆಚ್ಚುತ್ತದೆ, ಬದಲಿಗೆ ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ಪ್ಯಾಡ್ ಕೊಳ್ಳುವಾಗ ‘ರೇಸಿಂಗ್’ ಎಂಬ ಪದಕ್ಕೆ ಮರುಳಾಗಬೇಡಿ. ಅವು ಬಿಸಿಯಾದ ಮೇಲೆ ಹಿಡಿಯುವವು, ಈ ತೂಕದ ಕಾರು ರಸ್ತೆಯಲ್ಲಿ ಅವನ್ನು ಬಿಸಿ ಮಾಡುವುದೇ ಇಲ್ಲ. ತಣ್ಣಗಿರುವಾಗಲೇ ಕಚ್ಚುವ ಮೃದು ಪ್ಯಾಡ್ ಸಾಕು.

ಮುಂದಿನ, ಹಿಂದಿನ ಬ್ರೇಕಿಗೆ ಬಲ ಹಂಚುವ ಬಯಸ್ ಬಾರ್ ಇದ್ದರೆ ಖಾಲಿ, ನೇರ, ಒದ್ದೆ ಜಾಗದಲ್ಲಿ ಪರೀಕ್ಷಿಸಿ: ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ಮೊದಲು ಲಾಕ್ ಆಗಬೇಕು. ಹಿಂದಿನವು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ರಸ್ತೆ ಬಳಕೆಗೆ ಎರಡು ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ವರ್ಷಕ್ಕೊಮ್ಮೆ ಬದಲಿಸಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಬ್ಲೀಡಿಂಗ್ (ಪೈಪಿನೊಳಗಿನ ಗಾಳಿ ಹೊರಹಾಕುವುದು) ಶುರು ಮಾಡಿ. ಎಷ್ಟು ಸಲ ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗಿದ್ದರೆ ಗಾಳಿ ಬಿಡುವ ನಿಪ್ಪಲ್ ಎಲ್ಲಿದೆ ನೋಡಿ. ಕಿಟ್ ಕಾರುಗಳಲ್ಲಿ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಸೇರಿರುವುದು ಅಪರೂಪವಲ್ಲ. ಆಗ ನಿಪ್ಪಲ್ ಕೆಳಗಾಗುತ್ತದೆ, ಗಾಳಿ ಮೇಲೆ ಆರಾಮಾಗಿ ಕುಳಿತಿರುತ್ತದೆ. ಹಾಗೆಯೇ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಬ್ರೇಕ್ ಹೋಸ್ ಎಲ್ಲಿಯೂ ಉಜ್ಜುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ನೀರು, ಎಣ್ಣೆ, ಪೆಟ್ರೋಲು

ತಗ್ಗಾದ ಮೂತಿ, ಅದರೊಳಗೆ ಎಂಜಿನ್ನಿಗಿಂತ ಕೆಳಗಿರುವ ರೇಡಿಯೇಟರ್. ಏರ್ ಲಾಕ್ ಆಗಲು, ಅಂದರೆ ಗಾಳಿ ಸಿಕ್ಕಿಕೊಂಡು ನೀರು ಹರಿಯದಿರಲು, ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ. ಕೂಲಂಟ್ ತುಂಬುವಾಗ ಹೆಡರ್ ಟ್ಯಾಂಕಿನ ಬಾಯಿ ಇಡೀ ವ್ಯವಸ್ಥೆಯಲ್ಲೇ ಎತ್ತರದ ಜಾಗವಾಗಿರಬೇಕು. ಇಲ್ಲದಿದ್ದರೆ ಕಾರನ್ನು ಓರೆ ಮಾಡಿ ಹಾಗೆ ತನ್ನಿ. ಹೀಟರ್ ವಾಲ್ವ್ ತೆರೆದು, ನಿಧಾನ ಸುರಿದು, ಮೇಲಿನ ಹೋಸ್ ಹಿಚುಕುತ್ತಾ ಗುಳ್ಳೆ ಬಿಡಿಸಿ. ಎಂಜಿನ್ ಓಡಿಸಿ, ರೇಡಿಯೇಟರಿನ ಎರಡೂ ಹೋಸ್ ಬಿಸಿಯಾಗಿ ಫ್ಯಾನ್ ಒಮ್ಮೆ ಶುರುವಾಗಿ ನಿಲ್ಲುವ ತನಕ ಕಾಯಿರಿ.

ನಿಂತಾಗ ಮಾತ್ರ ಬಿಸಿ ಏರಿದರೆ ಫ್ಯಾನ್ ಅಥವಾ ಅದರ ಸ್ವಿಚ್. ವೇಗದಲ್ಲಿ ಏರಿದರೆ ಗಾಳಿ ರೇಡಿಯೇಟರ್ ಬಿಟ್ಟು ಪಕ್ಕದಿಂದ ನುಸುಳುತ್ತಿದೆ, ಅಥವಾ ಒಳಗೆ ಕಟ್ಟಿದೆ, ಇಲ್ಲವೇ ಪಂಪ್. ಇದಕ್ಕೆ ಉಲ್ಟಾ ಸಮಸ್ಯೆಯೂ ಉಂಟು. ಚಳಿಯಲ್ಲಿ 65 ಡಿಗ್ರಿ ದಾಟದ ಕಾರುಗಳಿವೆ. ಥರ್ಮೋಸ್ಟಾಟ್ ಕಿತ್ತು ಹಾಕಿರುತ್ತಾರೆ, ಅದೇ ಕಾರಣ. ಮರಳಿ ಹಾಕಿ.

ಎಣ್ಣೆಯಲ್ಲಿ ನೋಡಬೇಕಾದ್ದು ತಿರುವು. ಈ ಕಾರು ತಿರುಗುವ ವೇಗಕ್ಕೆ ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಎಣ್ಣೆ ಒಂದು ಪಕ್ಕಕ್ಕೆ ಏರಿ ಪಿಕಪ್ ಪೈಪ್ ಗಾಳಿ ಹೀರುತ್ತದೆ. ಉದ್ದ ತಿರುವಿನಲ್ಲಿ ಪ್ರೆಷರ್ ಮುಳ್ಳು ಬೀಳುತ್ತಿದ್ದರೆ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ. ಸಂಪಿನಲ್ಲಿ ಬ್ಯಾಫಲ್ (ಎಣ್ಣೆ ಪಕ್ಕಕ್ಕೆ ಓಡದಂತೆ ತಡೆಯುವ ತಗಡು) ಹಾಕಿಸಿ, ಮಟ್ಟವನ್ನು ಮೇಲಿನ ಗುರುತಿಗೇ ಇಡಿ, ಎಚ್ಚರಿಕೆ ದೀಪಕ್ಕೆ 20 ಪಿಎಸ್‌ಐಗೆ ಹೊತ್ತುವ ಸ್ವಿಚ್ ಹಾಕಿ. ಮೂಲ ಸ್ವಿಚ್ ಹೊತ್ತುವಷ್ಟರಲ್ಲಿ ತಡವಾಗಿರುತ್ತದೆ. ಡ್ರೈ ಸಂಪ್ (ಎಣ್ಣೆ ಬೇರೆ ಟ್ಯಾಂಕಿನಲ್ಲಿರುವ ವ್ಯವಸ್ಥೆ) ಇದ್ದರೆ ಎಣ್ಣೆ ನೋಡುವುದು ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ. ರಾತ್ರಿ ಕಳೆದರೆ ಟ್ಯಾಂಕಿನ ಎಣ್ಣೆ ಕೆಳಗಿಳಿದು ‘ಕಡಿಮೆ’ ಎಂದು ತೋರಿಸುತ್ತದೆ. ಅದನ್ನು ನಂಬಿ ಸುರಿದವರ ಬ್ರೀದರಿನಿಂದ ಎಣ್ಣೆ ಉಕ್ಕುತ್ತದೆ.

ಗೇರ್‌ಬಾಕ್ಸಿಗೆ ಹಿತ್ತಾಳೆಯ ಸಿಂಕ್ರೋ ಉಂಗುರಗಳಿದ್ದರೆ ಜಿಎಲ್ 4 ದರ್ಜೆಯ ಎಣ್ಣೆ. ಡಿಫರೆನ್ಷಿಯಲ್ಲಿಗೆ ಜಿಎಲ್ 5. ಅದಲು ಬದಲಾಗದಿರಲಿ. ವೆಬರ್ ಡಿಸಿಒಇ ಮಾದರಿಯ ಕಾರ್ಬ್ಯುರೇಟರಿಗೆ ಪೆಟ್ರೋಲಿನ ಒತ್ತಡ 3.5 ಪಿಎಸ್‌ಐ ಮೀರಬಾರದು. ಇಂಜೆಕ್ಷನ್ ಕಾರಿನ ಪಂಪ್ ಕೊಡುವುದು 40ರ ಆಸುಪಾಸು. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಹೋಸನ್ನು ಒಳಗಿನಿಂದ ತಿನ್ನುತ್ತದೆ. ವಯಸ್ಸು ಗೊತ್ತಿಲ್ಲದ ಪ್ರತಿ ಹೋಸನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ.

ವಯರಿಂಗ್: ಮೊದಲು ಅರ್ಥ್ ನೋಡಿ

ಕಿಟ್ ಕಾರಿನ ಎಲೆಕ್ಟ್ರಿಕಲ್ ಭೂತಗಳಲ್ಲಿ ಹೆಚ್ಚಿನವು ವಾಸಿಸುವುದು ಅರ್ಥ್ ಬೋಲ್ಟಿನ ಕೆಳಗೆ. ಚಾಸಿಗೆ ಪೌಡರ್ ಕೋಟಿಂಗ್ ಇದೆ, ಅದು ವಿದ್ಯುತ್ ಹರಿಸುವುದಿಲ್ಲ, ಅದರ ಮೇಲೆಯೇ ರಿಂಗ್ ಟರ್ಮಿನಲ್ ಬಿಗಿದಿರುತ್ತಾರೆ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನೇರ ಸಂಪರ್ಕ ಇಲ್ಲ. ದಪ್ಪ ಅರ್ಥ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಆ ದಾರಿ ಸಾಮಾನ್ಯವಾಗಿ ಆಕ್ಸಿಲರೇಟರ್ ಕೇಬಲ್. ಕೇಬಲ್ ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ‘ಆಕ್ಸಿಲರೇಟರ್ ಅಂಟುತ್ತಿದೆ’ ಎಂದು ಹೊಸ ಕೇಬಲ್ ಹಾಕಿದರೆ ಅದೂ ಹಾಗೇ ಸುಡುತ್ತದೆ.

ಪರೀಕ್ಷೆಗೆ ಎರಡು ನಿಮಿಷ. ಎಂಜಿನ್ ಹೊತ್ತದಂತೆ ಇಗ್ನಿಷನ್ ಮತ್ತು ಪೆಟ್ರೋಲ್ ಪಂಪ್ ಫ್ಯೂಸ್ ತೆಗೆಯಿರಿ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಸ್ಟಾರ್ಟರ್ ತಿರುಗಿಸಿ. 0.2 ವೋಲ್ಟಿನ ಒಳಗಿದ್ದರೆ ಚೆನ್ನ, 0.5 ದಾಟಿದರೆ ಕೆಟ್ಟಿದೆ. ಕೋಟಿಂಗ್ ಕೆರೆದು ಹೊಳೆಯುವ ಉಕ್ಕು ಕಾಣಿಸಿ, ಹಲ್ಲಿರುವ ವಾಷರ್ ಇಟ್ಟು ಬಿಗಿದು, ಮೇಲೆ ವ್ಯಾಸಲಿನ್ ಬಳಿಯಿರಿ.

ತಗಡು ಮತ್ತು ಚೌಕಟ್ಟು

ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತದೆ, ಬಿಳಿ ಪುಡಿ ಕಾಣುತ್ತದೆ. ನೆಲದ ಮ್ಯಾಟ್ ಒದ್ದೆಯಾಗಿ ಉಳಿಯಬಾರದು. ರಿವೆಟ್ಟಿನ ತಲೆಯ ಸುತ್ತ ಕಾಡಿಗೆ ಹಚ್ಚಿದಂಥ ಕಪ್ಪು ಉಂಗುರ ಕಂಡರೆ ಆ ರಿವೆಟ್ ಸಡಿಲವಾಗಿ ಉಜ್ಜುತ್ತಿದೆ ಎಂದರ್ಥ. ಅದನ್ನು ಕೊರೆದು ತೆಗೆದು, ತೂತು ಅಂಡಾಕಾರವಾಗಿದ್ದರೆ ಒಂದಳತೆ ದೊಡ್ಡ ರಿವೆಟನ್ನು ಸೀಲಂಟ್ ಹಚ್ಚಿ ಹಾಕಿ. ಒಂದೇ ಸಾಲಿನಲ್ಲಿ ನಾಲ್ಕೈದು ಹೀಗಿದ್ದರೆ ಅದರ ಹಿಂದಿನ ಕೊಳವೆಯನ್ನೇ ಪರೀಕ್ಷಿಸಬೇಕು. ಸಸ್ಪೆನ್ಷನ್ ಬ್ರಾಕೆಟ್, ಸ್ಟೀರಿಂಗ್ ರ‍್ಯಾಕ್ ಹಿಡಿಕೆ, ಬೆಲ್ಟಿನ ಆಧಾರಗಳ ವೆಲ್ಡಿಂಗ್ ತೊಳೆದು, ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ. ಕೋಟಿಂಗ್ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದ್ದರೆ ಅದರ ಕೆಳಗೆ ಬಿರುಕಿದೆ ಎಂದೇ ಭಾವಿಸಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮೂರನ್ನೂ ಬಿಡಿಸಿ.

ಓಡಿಸುವ ಸುಖ

ಅಗಲ ತಳದ ಶೂ ಹಾಕಿದರೆ ಬ್ರೇಕ್ ಜೊತೆ ಆಕ್ಸಿಲರೇಟರ್ ಕೂಡ ಒತ್ತುತ್ತೀರಿ. ತೆಳು ತಳದ, ಕಿರಿದಾದ ಶೂ ಬೇಕು. ಕಣ್ಣಿಗೆ ಕನ್ನಡಕ, ದೂರದ ದಾರಿಗೆ ಕಿವಿಗೆ ಇಯರ್ ಪ್ಲಗ್. ಗಾಳಿಯ ಸದ್ದು ಒಂದು ಗಂಟೆಯಲ್ಲೇ ತಲೆ ಮಂಕು ಮಾಡುತ್ತದೆ. ಸೈಲೆನ್ಸರ್ ಪಕ್ಕದಲ್ಲೇ ಹಾದುಹೋಗುವ ಕಾರಿನಲ್ಲಿ ಹೊಸಬರು ಇಳಿಯುವಾಗ ಕಾಲಿನ ಮೀನಖಂಡ ಸುಟ್ಟುಕೊಳ್ಳುವುದು ಸಂಪ್ರದಾಯದಂತೆ ನಡೆದು ಬಂದಿದೆ. ಹತ್ತಿಸುವ ಮೊದಲೇ ಹೇಳಿಬಿಡಿ.

ನಿಮ್ಮ ಕಣ್ಣು ಲಾರಿಯ ಚಕ್ರದ ಮಟ್ಟದಲ್ಲಿದೆ. ಲಾರಿ ಚಾಲಕನ ಮುಖ ಅವನ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಮೊದಲ ಹತ್ತು ಕಿ.ಮೀ. ಟೈರ್ ತಣ್ಣಗಿರುತ್ತದೆ, ಎಣ್ಣೆಯೂ. ಎಣ್ಣೆ 70 ಡಿಗ್ರಿ ತಲುಪುವವರೆಗೆ 4,000 ಆರ್‌ಪಿಎಂ ಒಳಗಿರಿ. ಮಳೆ ನೀರು ನಿಂತ ರಸ್ತೆಯಲ್ಲಿ ಹಗುರ ಕಾರು ಅಗಲ ಟೈರಿನ ಮೇಲೆ ಬೇಗ ತೇಲುತ್ತದೆ. ಬೇರೆಯವರು 90ರಲ್ಲಿ ಹೋಗುತ್ತಿದ್ದರೆ ನಿಮಗೆ 70. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಒಮ್ಮೆಲೇ ಬಿಟ್ಟರೆ ಹಿಂಭಾಗ ಹಗುರಾಗಿ ಜಾರುತ್ತದೆ. ವೇಗ ಇಳಿಸುವುದೇನಿದ್ದರೂ ತಿರುವಿಗೆ ಮೊದಲು.

ಟ್ರ್ಯಾಕ್ ದಿನಕ್ಕೆ ಹೋಗುವವರು ಸದ್ದಿನ ಮಿತಿಯನ್ನು ಮೊದಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಅಳೆಯುವುದು ಸೈಲೆನ್ಸರ್ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ, ಗರಿಷ್ಠ ಆರ್‌ಪಿಎಂನ ಮುಕ್ಕಾಲರಲ್ಲಿ. ಪ್ರತಿ ಸುತ್ತಾಟದ ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ತಣ್ಣಗಾದ ನಂತರ ವೀಲ್ ನಟ್ಟುಗಳಿಗೆ ಮತ್ತೆ ಟಾರ್ಕ್ ಕೊಡಿ.

ನಿಲ್ಲಿಸಿಡುವಾಗ

ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿ, ಟೈರಿಗೆ 35 ಪಿಎಸ್‌ಐ ಏರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ. ಬ್ಯಾಟರಿ 12.6 ವೋಲ್ಟ್ ಇದ್ದರೆ ಪೂರ್ಣ, 12.2 ಎಂದರೆ ಅರ್ಧ ಖಾಲಿ. ಟ್ರಿಕಲ್ ಚಾರ್ಜರ್ ಇಡಿ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟುವ ಅಭ್ಯಾಸವಿದ್ದರೆ ಪೆಡಲನ್ನು ಮರದ ತುಂಡಿನಿಂದ ಒತ್ತಿ ಹಿಡಿಸಿ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುವುದು ಬೇಡ. ಸೈಲೆನ್ಸರಿನಲ್ಲೂ ಎಣ್ಣೆಯಲ್ಲೂ ನೀರು ಸೇರುತ್ತದೆ, ಆರುವಷ್ಟು ಬಿಸಿಯಾಗುವುದಿಲ್ಲ.

ನಿಲ್ಲಿಸುವ ಮೊದಲು ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರ ಎಲ್ಲಿದೆ ಎಂದು ಅದರ ಮೇಲೆ ಗುರುತು ಹಾಕಿ. ಬೆಳಿಗ್ಗೆ ಕಲೆಗಳನ್ನು ಓದಿ: ಕಪ್ಪಾಗಿದ್ದರೆ ಎಂಜಿನ್ ಎಣ್ಣೆ, ದಪ್ಪಗಿದ್ದು ಗಂಧಕದ ವಾಸನೆ ಇದ್ದರೆ ಗೇರ್ ಎಣ್ಣೆ, ಸಿಹಿ ವಾಸನೆಯ ಬಣ್ಣದ ನೀರಾದರೆ ಕೂಲಂಟ್, ಚಕ್ರ ಅಥವಾ ಪೆಡಲಿನ ಕೆಳಗೆ ತಿಳಿಯಾದ ಜಿಡ್ಡಾದರೆ ಬ್ರೇಕ್ ಆಯಿಲ್, ಅಂಥ ದಿನ ಕಾರು ಹೊರಡುವ ಹಾಗಿಲ್ಲ. ರಟ್ಟು ಒಣಗಿದ್ದೂ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಕೀಲಿ ತಿರುಗಿಸಬೇಡಿ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಪ್ರತಿ ಕ್ಲಿಪ್ಪನ್ನೂ ಒಣ ಟಿಶ್ಯೂ ಕಾಗದದಿಂದ ಒರೆಸುತ್ತಾ ಬನ್ನಿ. ಎಲ್ಲಿ ಕಾಗದ ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ.